ಡಾ. ಜಿ. ಎನ್. ರಾಮಚಂದ್ರನ್ನರ ಹನ್ನೆರಡು ಪುಟಗಳು

ಕರಿಮೆಣಸು ಕೊಯ್ಯಲು ಸಿಲ್ವರ್ ಮರಕ್ಕೆ ಏಣಿ ಚಾಚಿ ಹತ್ತಿದ ಕಾರ್ಮಿಕನು ಕಾಲು ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುವುದು ಕೊಡಗಿನ ತೋಟಗಳಲ್ಲಿ ಕೇಳರಿಯದ ಸಂಗತಿಯೇನಲ್ಲ. ಅಂಥವನನ್ನು ಆಸ್ಪತ್ರೆಗೆ ಒಯ್ದಾಗ ವೈದ್ಯರು ಬರೆದುಕೊಡುವುದು ತಲೆಯ ಸಿ.ಟಿ. ಸ್ಕ್ಯಾನ್. ಬುರುಡೆಯನ್ನು ತೆರೆಯದೆಯೇ ಒಳಗೆಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂಬುದನ್ನು ಆ ಯಂತ್ರವು ಕೆಲವೇ ಕ್ಷಣಗಳಲ್ಲಿ ತೋರಿಸಿಕೊಡುತ್ತದೆ. ಆ ಚಿತ್ರವನ್ನು ಮೂಡಿಸುವ ಗಣಿತಕ್ರಮದೊಂದಿಗೆ ಭಾರತೀಯ ವಿಜ್ಞಾನಿಗಳಿಬ್ಬರ ಹೆಸರು ಬೆಸೆದುಕೊಂಡಿದೆಯೆಂಬುದನ್ನು ರೋಗಿಯ ಬಂಧುಗಳಾಗಲಿ, ಬಹುಮಟ್ಟಿಗೆ ವೈದ್ಯರಾಗಲಿ ಅರಿಯರು. ಅವರಲ್ಲಿ ಹಿರಿಯರು ಡಾ. ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್.

ವಿಜ್ಞಾನಿಯ ಯೋಗ್ಯತೆಯನ್ನು ಪ್ರಕಟಿಸಿದ ಪ್ರಬಂಧಗಳ ಸಂಖ್ಯೆಯಿಂದ ಅಳೆಯುವ ರೂಢಿ ಈಗ ಎಲ್ಲೆಡೆ ಬೇರೂರಿದೆ. ರಾಮಚಂದ್ರನ್ನರು ಬರೆದ ಪ್ರಬಂಧಗಳೂ ಕಡಿಮೆಯಲ್ಲ. ಆದರೆ ಜಗತ್ತು ಅವರನ್ನು ಮುಖ್ಯವಾಗಿ ನೆನೆಯುವುದು ಮೂರು ಕಿರುಪ್ರಬಂಧಗಳಿಂದ. 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದದ್ದು 2 ಪುಟ. 1963ರಲ್ಲಿ ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ಬಂದದ್ದು 5 ಪುಟ. 1971ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಬಂದದ್ದು ಮತ್ತೆ 5 ಪುಟ. ಒಟ್ಟು 12 ಪುಟಗಳು. ಶಾಲಾ ಬಾಲಕನ ನೋಟ್‌ಬುಕ್ಕಿನ ಒಂದು ಮೂಲೆಗೂ ಸಾಲದ ಈ ಹಾಳೆಗಳು ಜೀವವಿಜ್ಞಾನದ ಎರಡು ಕ್ಷೇತ್ರಗಳನ್ನೂ ವೈದ್ಯಕೀಯದ ಒಂದು ಶಾಖೆಯನ್ನೂ ಮುಟ್ಟಿವೆ.

ರಾಮಚಂದ್ರನ್ನರು 1922ನೆಯ ಅಕ್ಟೋಬರ್ 8ರಂದು ಕೇರಳದ ಎರ್ನಾಕುಳಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್ ಅವರು ಅಲ್ಲಿಯ ಮಹಾರಾಜ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮಗನಿಗೆ ಗಣಿತದ ರುಚಿ ಹತ್ತಿದ್ದು ಮನೆಯಲ್ಲಿಯೇ. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿಯನ್ನು ಪಡೆದು, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಗಿದ್ದ ವಿದ್ಯಾಕೇಂದ್ರಕ್ಕೆ ಬಂದರು. ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಸರ್ ಸಿ. ವಿ. ರಾಮನ್ನರು ಆ ತರುಣನ ಬುದ್ಧಿಯನ್ನು ಕಂಡು, ಈತನು ಎಂಜಿನಿಯರಿಂಗ್ ವಿಭಾಗಕ್ಕೆ ಸ್ವಲ್ಪ ಹೆಚ್ಚೇ ಜಾಣನೆಂದು ಅಲ್ಲಿಯ ಮುಖ್ಯಸ್ಥರಿಗೆ ತಮಾಷೆಯಾಗಿ ತಿಳಿಸಿ, ತಮ್ಮ ಭೌತವಿಜ್ಞಾನ ವಿಭಾಗಕ್ಕೆ ಸೆಳೆದುಕೊಂಡರೆಂಬ ಕಥೆ ಪ್ರಸಿದ್ಧವಾಗಿದೆ. ರಾಮನ್ನರಿಗೆ ಆಗ ವಜ್ರದ ವ್ಯಾಮೋಹ. ಶಿಷ್ಯರು ವಜ್ರದ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ ಅದರೊಳಗಿನ ದೋಷಗಳ ಚಿತ್ರ ತೆಗೆದರು. ಕಾಣದ ಒಳರಚನೆಯನ್ನು ಹೊರಗೆ ಬಿದ್ದ ಗುರುತುಗಳಿಂದ ಊಹಿಸುವ ವಿದ್ಯೆ ಅವರ ಕೈಗೆ ಹತ್ತಿದ್ದು ಹೀಗೆ. ಮುಂದಿನ ಮೂರು ಸಾಧನೆಗಳ ಮೂಲವೂ ಅದೇ ಆಯಿತು.

1947ರಲ್ಲಿ ಡಿ.ಎಸ್ಸಿ. ಪದವಿಯಾದ ಬಳಿಕ ಅವರು ಕೇಂಬ್ರಿಜ್‌ಗೆ ತೆರಳಿ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ವೂಸ್ಟರ್ ಅವರ ಮಾರ್ಗದರ್ಶನದಲ್ಲಿ ಎರಡು ವರ್ಷ ದುಡಿದು ಪಿಎಚ್.ಡಿ. ಗಳಿಸಿದರು. 1949ರಲ್ಲಿ ಬೆಂಗಳೂರಿಗೆ ಮರಳಿದರು. ಮೂರು ವರ್ಷ ಕಳೆಯುವುದರೊಳಗೆ ಮದರಾಸು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರು ಭೌತವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥರನ್ನು ಹುಡುಕುತ್ತ ರಾಮನ್ನರನ್ನು ಕೇಳಿದಾಗ, ರಾಮನ್ನರು ಬೆರಳು ತೋರಿಸಿದ್ದು ಈ ಶಿಷ್ಯನತ್ತ. 1952ರಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ರಾಮಚಂದ್ರನ್ನರು ಪ್ರಾಧ್ಯಾಪಕರಾದರು.

ಅದೇ ವರ್ಷ ಮದರಾಸಿಗೆ ಭೇಟಿ ನೀಡಿದ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರು ಮಾತಿನ ನಡುವೆ ಕೊಲಾಜನ್ ಎಂಬ ಪ್ರೋಟೀನಿನ ರಚನೆ ಇನ್ನೂ ಬಿಡಿಸದ ಒಗಟಾಗಿದೆಯೆಂದು ತಿಳಿಸಿದರು. ಚರ್ಮ, ಎಲುಬು, ಸ್ನಾಯುರಜ್ಜುಗಳಿಗೆ ಗಟ್ಟಿತನ ಕೊಡುವ ವಸ್ತು ಇದೇ. ರಾಮಚಂದ್ರನ್ನರು ಗೋಪಿನಾಥ ಕರ್ತಾ ಎಂಬ ತರುಣ ಸಹೋದ್ಯೋಗಿಯೊಡನೆ ಕೆಲಸಕ್ಕೆ ಇಳಿದರು. ಕ್ಯಾಂಗರೂವಿನ ಬಾಲದ ಸ್ನಾಯುರಜ್ಜಿನಿಂದ ಅವರಿಗೆ ಒಳ್ಳೆಯ ಕ್ಷ-ಕಿರಣ ಚಿತ್ರಗಳು ದೊರೆತವು. ಕೊಲಾಜನ್ನಿನಲ್ಲಿ ಮೂರರಲ್ಲಿ ಒಂದು ಪಾಲು ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೇ ಏಕಿದೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಉತ್ತರ ಸರಳವಾಗಿಯೇ ಹೊಳೆಯಿತು: ಮೂರು ಎಳೆಗಳು ಅಕ್ಕಪಕ್ಕ ಹೊಂದಿಕೊಂಡು ನಿಂತಾಗ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸುವುದು ಅತಿ ಚಿಕ್ಕದು ಮಾತ್ರ, ಆದುದರಿಂದ ಪ್ರತಿ ಎಳೆಯ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನ್ ಇರಲೇಬೇಕು. 1954ರ ಪ್ರಬಂಧ ಇದನ್ನು ಸಾರಿತು. ಮರುವರ್ಷ, ಆ ಮೂರು ಎಳೆಗಳೂ ಹಗ್ಗದ ಹುರಿಗಳಂತೆ ಒಂದನ್ನೊಂದು ಸುತ್ತಿಕೊಂಡಿವೆಯೆಂದು ತಿದ್ದಿಕೊಂಡರು. ನಾರಿನ ಮೂರು ಹುರಿ ಸೇರಿಸಿ ಹಗ್ಗ ಹೊಸೆದ ರೈತನಿಗೆ ಈ ರಚನೆಯ ಬಲವನ್ನು ಯಾರೂ ವಿವರಿಸಬೇಕಾಗಿಲ್ಲ. ಚಂದ್ರನು ಭೂಮಿಯನ್ನು ಸುತ್ತುವಾಗ ಸದಾ ಒಂದೇ ಮುಖವನ್ನು ತೋರುವಂತೆ, ಪ್ರತಿ ಎಳೆಯೂ ಸುತ್ತುತ್ತಲೇ ತನ್ನ ಗ್ಲೈಸೀನನ್ನು ಒಳಮುಖವಾಗಿಯೇ ಇರಿಸಿಕೊಳ್ಳುತ್ತದೆ.

ಅಲ್ಲಿಗೆ ಕಥೆ ಮುಗಿಯಲಿಲ್ಲ. 1955ರಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರು ಮೂರು ಎಳೆಗಳ ಸುರುಳಿಯನ್ನು ಒಪ್ಪಿದರೂ ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಸಲ್ಲದಷ್ಟು ಸಮೀಪದಲ್ಲಿವೆ, ಹೈಡ್ರೋಜನ್ ಬಂಧಗಳು ಅಲ್ಲಿ ಹೇಳಿದಂತೆ ಎರಡಲ್ಲ, ಒಂದೇ ಎಂದು ಆಕ್ಷೇಪಿಸಿದರು. ಕ್ರಿಕ್ ಅವರು ಎರಡು ವರ್ಷದ ಹಿಂದಷ್ಟೇ ಡಿ.ಎನ್.ಎ. ರಚನೆಯಿಂದ ಜಗತ್ಪ್ರಸಿದ್ಧರಾಗಿದ್ದವರು. ಅವರ ಮಾತಿನ ತೂಕದೆದುರು ಮದರಾಸಿನ ಪುಟ್ಟ ಪ್ರಯೋಗಾಲಯದ ಮಾತು ಹಗುರಾಗಿ ಕಂಡದ್ದು ಸಹಜ. ಬಂಧದ ಲೆಕ್ಕದಲ್ಲಿ ಆಕ್ಷೇಪ ಬಹುಪಾಲು ಸರಿಯೇ ಆಗಿತ್ತೆಂಬುದನ್ನೂ ಇಲ್ಲಿ ಮರೆಮಾಚಬೇಕಾಗಿಲ್ಲ. ಮೂರೆಳೆಯ ಸುರುಳಿಯ ಮೂಲಕಲ್ಪನೆ ಮಾತ್ರ ಮದರಾಸಿನದು. 1994ರಲ್ಲಿ ಕೊಲಾಜನ್ನನ್ನು ಹೋಲುವ ಪೆಪ್ಟೈಡಿನ ಸ್ಫಟಿಕ ರಚನೆಯು ಪ್ರಕಟವಾದಾಗ ಅದು ಕಣ್ಣಿಗೆ ಕಟ್ಟುವಂತೆ ಸಿದ್ಧಪಟ್ಟಿತು.

ಟೀಕೆಗೆ ಒಳಗಾದವನು ಸಾಮಾನ್ಯವಾಗಿ ವಾದಕ್ಕೆ ನಿಲ್ಲುತ್ತಾನೆ, ಇಲ್ಲವೇ ಮೌನ ತಾಳುತ್ತಾನೆ. ರಾಮಚಂದ್ರನ್ನರು ಬೇರೊಂದು ದಾರಿ ಹಿಡಿದರು. ಪರಮಾಣುಗಳು ಎಷ್ಟು ಸಮೀಪ ಬಂದರೆ ಸಲ್ಲುತ್ತದೆ, ಎಷ್ಟಾದರೆ ಸಲ್ಲದು ಎಂಬುದನ್ನು ಯಾರೂ ಕ್ರಮವಾಗಿ ನಿಗದಿ ಮಾಡಿರಲಿಲ್ಲ. ಅದುವರೆಗೆ ತಿಳಿದಿದ್ದ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿ ಆ ಅಂತರಗಳನ್ನು ಸಂಗ್ರಹಿಸಿದರು. ಪ್ರೋಟೀನಿನ ಸರಪಳಿಯಲ್ಲಿ ಪ್ರತಿ ಕೊಂಡಿಯೂ ಮುಖ್ಯವಾಗಿ ಎರಡು ಸ್ಥಳಗಳಲ್ಲಿ ತಿರುಗಬಲ್ಲದು; ಆ ಎರಡು ಕೋನಗಳನ್ನು ಫೈ ಮತ್ತು ಸೈ ಎಂಬ ಗ್ರೀಕ್ ಅಕ್ಷರಗಳಿಂದ ಗುರುತಿಸುತ್ತಾರೆ. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರ ಜೊತೆಗೂಡಿ, ಒಂದೊಂದು ಜೋಡಿ ಕೋನಕ್ಕೂ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆಯೇ ಇಲ್ಲವೇ ಎಂದು ಲೆಕ್ಕ ಹಾಕಿದರು. ಇಂದಿನ ಕಂಪ್ಯೂಟರುಗಳಿಲ್ಲ, ಮೇಜಿನ ಮೇಲಿನ ಲೆಕ್ಕದ ಯಂತ್ರವನ್ನು ತಿರುಗಿಸಿ ತಿಂಗಳುಗಟ್ಟಲೆ ಮಾಡಿದ ಕೆಲಸವದು. ಫಲಿತಾಂಶವನ್ನು ಒಂದು ಚೌಕದಲ್ಲಿ ಗುರುತಿಸಿದಾಗ, ಸಾಮಾನ್ಯ ಅಮೈನೋ ಆಮ್ಲಗಳಿಗೆ ಅದರ ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆ ಜಾಗ ಮಾತ್ರ ಸಲ್ಲುವುದೆಂದು ಕಂಡುಬಂದಿತು. ಪಕ್ಕದ ಕೊಂಬೆಯಿಲ್ಲದ ಗ್ಲೈಸೀನಿಗೆ ಮಾತ್ರ ವಿಶಾಲವಾದ ಬಯಲು. 1963ರಲ್ಲಿ ಪ್ರಕಟವಾದ ಈ ಚೌಕವೇ ರಾಮಚಂದ್ರನ್ ನಕ್ಷೆಯೆಂದು ಜೀವರಸಾಯನ ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು. ಜಗತ್ತಿನ ಯಾವುದೇ ಪ್ರಯೋಗಾಲಯದಲ್ಲಿ ಹೊಸ ಪ್ರೋಟೀನಿನ ರಚನೆಯನ್ನು ಬಿಡಿಸಿದಾಗ, ಅದು ಸರಿಯಾಗಿದೆಯೇ ಎಂದು ನೋಡುವ ಪರೀಕ್ಷೆಗಳಲ್ಲಿ ಈ ನಕ್ಷೆಯೂ ಒಂದಾಗಿ ಉಳಿದುಬಂದಿದೆ. ಟೀಕೆಯ ಮುಳ್ಳೇ ಈ ಫಲಕ್ಕೆ ಬೀಜವಾಯಿತು.

ಕುಲಪತಿ ಮೊದಲಿಯಾರರ ಅವಧಿ ಮುಗಿದ ಬಳಿಕ 1970ರಲ್ಲಿ ರಾಮಚಂದ್ರನ್ನರು ಮದರಾಸನ್ನು ಬಿಟ್ಟರು. ಪ್ರೊ. ಸತೀಶ್ ಧವನ್ ಅವರು ನಿರ್ದೇಶಕರಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಯು ಅವರನ್ನು ಮತ್ತೆ ಬರಮಾಡಿಕೊಂಡಿತು. ಅಲ್ಲಿ ಅಣು ಜೀವಭೌತ ವಿಜ್ಞಾನ ವಿಭಾಗವು ಅವರ ಕೈಯಿಂದಲೇ ಆರಂಭವಾಯಿತು. ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದೊಡನೆಯೂ ಅವರಿಗೆ ಸಂಬಂಧವಿದ್ದಿತು. ಮೂರನೆಯ ಪ್ರಬಂಧ ಈ ಕಾಲದ್ದು, ಜೊತೆಗಾರರು ಎ. ವಿ. ಲಕ್ಷ್ಮೀನಾರಾಯಣನ್.

ಆ ಪ್ರಬಂಧದ ವಿಷಯವನ್ನು ಕಾಫಿ ತೋಟದ ದೃಷ್ಟಾಂತದಿಂದ ತಿಳಿಯಬಹುದು. ತೋಟದ ಒಂದು ಬದಿಯಲ್ಲಿ ನಿಂತು ನೋಡಿದರೆ ನೆರಳಿನ ಮರಗಳು ಒಂದರ ಹಿಂದೊಂದು ಮರೆಯಾಗಿ, ಯಾವುದು ಎಲ್ಲಿದೆಯೆಂದು ತಿಳಿಯದು. ಸಾಮಾನ್ಯ ಕ್ಷ-ಕಿರಣ ಚಿತ್ರದ ಕೊರತೆಯೂ ಇದೇ. ತೋಟವನ್ನು ಸುತ್ತುಹಾಕಿ ಹಲವು ದಿಕ್ಕುಗಳಿಂದ ನೋಡಿ, ಕಂಡದ್ದನ್ನೆಲ್ಲ ಕಾಗದದ ಮೇಲೆ ಆಯಾ ದಿಕ್ಕಿಗೆ ಗೆರೆ ಎಳೆದು ಕೂಡಿಸಿದರೆ, ಗೆರೆಗಳು ಸೇರುವ ಜಾಗದಲ್ಲಿ ಮರವಿದೆಯೆಂದು ಗೊತ್ತಾಗುತ್ತದೆ. ಆದರೆ ಗೆರೆಗಳು ಸಂಧಿಸುವಲ್ಲಿ ಮಾತ್ರವಲ್ಲ, ಸುತ್ತಲೂ ಶಾಯಿ ಹರಡಿಕೊಳ್ಳುತ್ತದೆ; ಮುಂಗಾರಿನ ಮಂಜಿನಲ್ಲಿ ಕಂಡ ಮರದಂತೆ ಚಿತ್ರ ಮಸುಕಾಗುತ್ತದೆ. ಈ ಮಸುಕನ್ನು ಕಳೆಯಲು ಆಗ ಬಳಕೆಯಲ್ಲಿದ್ದುದು ಫೂರ್ಯೆ ರೂಪಾಂತರವೆಂಬ ಸುತ್ತುಬಳಸಿನ ಗಣಿತ. ಅದು ಅಂದಿನ ಕಂಪ್ಯೂಟರುಗಳಿಗೆ ಭಾರವಾಗಿತ್ತು. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಅವರು, ಗೆರೆ ಎಳೆಯುವುದಕ್ಕೆ ಮುಂಚೆಯೇ ಪ್ರತಿ ನೋಟದ ಅಂಕಿಗಳಿಂದ ಅಕ್ಕಪಕ್ಕದ ಅಂಕಿಗಳ ಒಂದು ನಿಯತ ಪಾಲನ್ನು ಕಳೆದುಬಿಟ್ಟರೆ ಮಸುಕು ತಾನಾಗಿ ಅಳಿಯುವುದೆಂದು ತೋರಿಸಿದರು. ಬರಿಯ ಗುಣಾಕಾರ ಮತ್ತು ಸಂಕಲನದ ಕೆಲಸ. ಲೆಕ್ಕ ಬೇಗ ಮುಗಿಯುವುದು, ಚಿತ್ರವೂ ಹೆಚ್ಚು ನಿಖರ.

ಖಗೋಳವಿಜ್ಞಾನಿಗಳಾದ ಬ್ರೇಸ್‌ವೆಲ್ ಮತ್ತು ರಿಡಲ್ ಅವರು 1967ರಲ್ಲಿ ರೇಡಿಯೋ ದೂರದರ್ಶಕಗಳ ಸಲುವಾಗಿ ಇಂಥದೇ ವಿಧಾನವನ್ನು ಕಂಡುಕೊಂಡಿದ್ದರೆಂಬುದು ನಿಜ. ಒಂದು ಶಾಸ್ತ್ರದ ಪತ್ರಿಕೆಯನ್ನು ಇನ್ನೊಂದು ಶಾಸ್ತ್ರದವರು ಓದದ ಕಾಲವದು. ಇನ್ನೊಂದು ಸಂಗತಿ ಸ್ವಾರಸ್ಯಕರ. ಬೆಂಗಳೂರಿನ ಪ್ರಬಂಧವು ಸೆಪ್ಟೆಂಬರಿನಲ್ಲಿ ಪ್ರಕಟವಾದ 1971ನೆಯ ಇಸವಿಯಲ್ಲಿಯೇ, ಅಕ್ಟೋಬರ್ 1ರಂದು, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಯಂತ್ರವು ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಚಿತ್ರ ತೆಗೆಯಿತು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಹೌನ್ಸ್‌ಫೀಲ್ಡರು ಬಳಸಿದ್ದು ಬೇರೆ ಲೆಕ್ಕಕ್ರಮ. ಕೆಲವೇ ವರ್ಷಗಳಲ್ಲಿ ಯಂತ್ರ ತಯಾರಕರು ಈ ಹೊಸ ಕ್ರಮಕ್ಕೆ ಹೊರಳಿದರು; ಎಂಜಿನಿಯರುಗಳು ಅದರ ಜರಡಿಯನ್ನು ಇಬ್ಬರ ಹೆಸರಿನ ತುಣುಕುಗಳನ್ನು ಸೇರಿಸಿ ರಾಮ್-ಲಾಕ್ ಎಂದು ಕರೆದರು. ಇತ್ತೀಚಿನ ಯಂತ್ರಗಳಲ್ಲಿ ಬೇರೆ ಕ್ರಮಗಳೂ ಸೇರಿಕೊಂಡಿವೆ. ದಶಕಗಳ ಕಾಲ ಮಾತ್ರ ದುಡಿದದ್ದು ಈ ಕುಟುಂಬದ ಲೆಕ್ಕವೇ. 1979ರ ನೊಬೆಲ್ ಪಾರಿತೋಷಕವು ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಸಂದಿತು. ಅದು ಅನ್ಯಾಯವೆನ್ನಲಾಗದು. ಬೆಂಗಳೂರಿನ ಲೆಕ್ಕದ ಹೆಸರು ನಾಡಿನಲ್ಲಿ ಅಷ್ಟಾಗಿ ಹರಡದಿದ್ದುದು ಮಾತ್ರ ಕೊರತೆಯೇ.

ಮಾನ್ಯತೆಗಳು ಬರದೇ ಇರಲಿಲ್ಲ. 1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಅಂತಾರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟದ ಎವಾಲ್ಡ್ ಪಾರಿತೋಷಕ. ಅವರದು ಸುಲಭವಾಗಿ ಒಗ್ಗುವ ಸ್ವಭಾವವಾಗಿರಲಿಲ್ಲ. ಉತ್ಸಾಹದ ಉಬ್ಬರಕ್ಕೂ ಮನಸ್ಸಿನ ಕುಸಿತಕ್ಕೂ ಅವರು ಜೀವನದುದ್ದಕ್ಕೂ ಈಡಾದವರು. ಸಂಗೀತ ಅವರಿಗೆ ಪ್ರಿಯ. ಕೊನೆಯ ದಶಕಗಳಲ್ಲಿ ಪ್ರಯೋಗಾಲಯದಿಂದ ದೂರ ಸರಿದು, ಜೈನರ ಸ್ಯಾದ್ವಾದವನ್ನು ಗಣಿತದ ಮಾತೃಕೆಗಳಲ್ಲಿ ಬರೆಯಬಹುದೇ ಎಂದು ಶೋಧಿಸಿದರು. ಹೌದು, ಅಲ್ಲ ಎಂಬ ಎರಡಕ್ಕೇ ನಿಲ್ಲದೆ ಹೇಳಲಾಗದ್ದಕ್ಕೂ ಸ್ಥಾನ ಕೊಡುವ ಆ ತರ್ಕವು ಅವರನ್ನು ಸೆಳೆದಿತ್ತು. ಸಹೋದ್ಯೋಗಿಗಳಲ್ಲಿ ಬಹುಮಂದಿಗೆ ಈ ಕೆಲಸದಲ್ಲಿ ಆಸಕ್ತಿ ಹುಟ್ಟಲಿಲ್ಲ. ಅವರು ಅದಕ್ಕಾಗಿ ನಿಲ್ಲಿಸಲೂ ಇಲ್ಲ.

1945ರಲ್ಲಿ ಕೈಹಿಡಿದ ಪತ್ನಿ ರಾಜಲಕ್ಷ್ಮಿಯವರು 1998ರಲ್ಲಿ ತೀರಿಕೊಂಡರು. ಆ ಪೆಟ್ಟಿನಿಂದ ರಾಮಚಂದ್ರನ್ನರು ಚೇತರಿಸಿಕೊಳ್ಳಲಿಲ್ಲ. ಪಾರ್ಕಿನ್‌ಸನ್ ರೋಗ ದೇಹವನ್ನು ಬಳಲಿಸಿತು. 2001ನೆಯ ಏಪ್ರಿಲ್ 7ರಂದು ಅವರು ಚೆನ್ನೈಯಲ್ಲಿ ನಿಧನರಾದರು.