ತನ್ನ ಹೊಟ್ಟೆಯ ಜೀವಿಗಳನ್ನು ತಾನೇ ಕಂಡ ಲೀವನ್‌ಹಾಕ್

ವಿಜ್ಞಾನಿ ಅಂದ ಕೂಡಲೇ ನಮಗೆ ದೊಡ್ಡ ಕಾಲೇಜು, ಬಿಳಿ ಕೋಟು ನೆನಪಾಗುತ್ತದೆ. ಆಂಟನ್ ವಾನ್ ಲೀವನ್‌ಹಾಕ್ ಅವರಿಗೆ ಇವೆರಡೂ ಇರಲಿಲ್ಲ. ಅವರು ಬಟ್ಟೆ ಅಂಗಡಿ ಇಟ್ಟುಕೊಂಡಿದ್ದವರು.

ಇವರು 1632ನೇ ಇಸವಿ ಅಕ್ಟೋಬರ್ 24ರಂದು ಹಾಲೆಂಡ್ ದೇಶದ ಡೆಲ್ಫ್ಟ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಬುಟ್ಟಿ ಹೆಣೆಯುತ್ತಿದ್ದರು. ಲೀವನ್‌ಹಾಕ್ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಹದಿನಾರನೇ ವಯಸ್ಸಿಗೆ ಆಮ್‌ಸ್ಟರ್‌ಡ್ಯಾಂ ಪಟ್ಟಣಕ್ಕೆ ಹೋಗಿ ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿತರು. 1654ರಲ್ಲಿ ಊರಿಗೆ ವಾಪಸು ಬಂದು ಮದುವೆಯಾಗಿ ಸ್ವಂತ ಅಂಗಡಿ ತೆರೆದರು. ಅವರಿಗೆ ಐದು ಮಕ್ಕಳು ಹುಟ್ಟಿದವು. ಅದರಲ್ಲಿ ನಾಲ್ಕು ಕೂಸಿರುವಾಗಲೇ ಸತ್ತುಹೋದವು. ಮರಿಯಾ ಎಂಬ ಮಗಳೊಬ್ಬಳೇ ಉಳಿದಳು. ಆ ಕಾಲದಲ್ಲಿ ಎಷ್ಟೋ ಮನೆಯಲ್ಲಿ ಹೀಗೇ ಆಗುತ್ತಿತ್ತು. ರೋಗ ತರುವ ಸಣ್ಣ ಜೀವಿಗಳನ್ನು ಯಾರೂ ಕಣ್ಣಿಂದ ನೋಡಿರಲಿಲ್ಲ.

ಬಟ್ಟೆ ವ್ಯಾಪಾರಿಗಳು ನೂಲು ಹೇಗಿದೆ ಅಂತ ನೋಡಲು ಭೂತಗನ್ನಡಿ ಇಟ್ಟುಕೊಳ್ಳುತ್ತಿದ್ದರು. ಲೀವನ್‌ಹಾಕ್ ಅವರು ತಾವೇ ಗಾಜು ಉಜ್ಜಿ ಮಸೂರ ಮಾಡತೊಡಗಿದರು. ಅವರ ಸೂಕ್ಷ್ಮದರ್ಶಕ ನಮ್ಮ ವಿಜ್ಞಾನ ಪುಸ್ತಕದ ಚಿತ್ರದ ಹಾಗೆ ಇರಲಿಲ್ಲ. ಎರಡು ಸಣ್ಣ ಲೋಹದ ತಗಡು, ನಡುವೆ ಒಂದೇ ಒಂದು ಗಾಜಿನ ಮಸೂರ, ಮುಂದೆ ಒಂದು ಸೂಜಿ, ಅಷ್ಟೇ. ಅಂಗೈಯಲ್ಲಿ ಹಿಡಿಯಬಹುದು. ಕಣ್ಣಿಗೆ ಒತ್ತಿಕೊಂಡು ಬೆಳಕಿನ ಕಡೆ ಹಿಡಿದು ನೋಡಬೇಕು. ಆದರೂ ಈಗ ಉಳಿದಿರುವುದರಲ್ಲಿ ಒಳ್ಳೆಯದು ಒಂದು ವಸ್ತುವನ್ನು ಸುಮಾರು 270 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ!

1673ರಿಂದ ಅವರು ತಾವು ನೋಡಿದ್ದನ್ನೆಲ್ಲ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದು ತಿಳಿಸಿದರು. ಅವರಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಡಚ್ಚಿನಲ್ಲೇ ಬರೆದರು. ಮೆಣಸಿನ ಕಾಳು ಯಾಕೆ ಖಾರ ಅಂತ ತಿಳಿಯಲು ಅದನ್ನು ನೀರಲ್ಲಿ ನೆನೆಹಾಕಿ ನೋಡಿದರು. ಖಾರದ ಗುಟ್ಟು ಸಿಗಲಿಲ್ಲ, ಆದರೆ ಆ ನೀರಿನ ತುಂಬ ಪುಟ್ಟ ಪುಟ್ಟ ಜೀವಿಗಳು ಓಡಾಡುತ್ತಿದ್ದವು. 1676ರಲ್ಲಿ ಇದನ್ನು ಬರೆದಾಗ ಲಂಡನ್ನಿನವರು ಸುಲಭಕ್ಕೆ ನಂಬಲಿಲ್ಲ. ಓದದ ಅಂಗಡಿಯವನ ಮಾತು ಯಾರು ನಂಬುತ್ತಾರೆ? ಲೀವನ್‌ಹಾಕ್ ಸುಮ್ಮನಾಗಲಿಲ್ಲ. ಪಾದ್ರಿಗಳು ಮುಂತಾದ ಎಂಟು ಜನ ದೊಡ್ಡ ಮನುಷ್ಯರಿಗೆ ತೋರಿಸಿ ಅವರಿಂದ ಸಾಕ್ಷಿ ಬರೆಸಿ ಕಳಿಸಿದರು. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ತಾವೂ ಮಾಡಿ ನೋಡಿದರು. ಜೀವಿಗಳು ಕಂಡವು! 1680ರಲ್ಲಿ ರಾಯಲ್ ಸೊಸೈಟಿಯು ಇವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಯಾರೂ ನಗಬಾರದು. 1681ರಲ್ಲಿ ಲೀವನ್‌ಹಾಕ್ ಅವರಿಗೆ ಹೊಟ್ಟೆ ಕೆಟ್ಟು ಬೇಧಿ ಆಗುತ್ತಿತ್ತು. ಆಗ ಅವರಿಗೆ ಸುಮಾರು 49 ವರ್ಷ. ಬೇರೆಯವರಾಗಿದ್ದರೆ ಮಲಗಿಬಿಡುತ್ತಿದ್ದರು. ಇವರು ತಮ್ಮ ಮಲವನ್ನೇ ಸ್ವಲ್ಪ ತೆಗೆದುಕೊಂಡು ಮಸೂರದ ಮುಂದೆ ಇಟ್ಟರು. ಅದರಲ್ಲಿ ಅಗಲಕ್ಕಿಂತ ಸ್ವಲ್ಪ ಉದ್ದ ಇರುವ, ಚಪ್ಪಟೆ ಹೊಟ್ಟೆಯ ಜೀವಿಗಳು ಕಂಡವು. ಕಾಲಿನಂಥ ಎಳೆಗಳನ್ನು ಜೋರಾಗಿ ಆಡಿಸುತ್ತಿದ್ದರೂ ಮುಂದೆ ಹೋಗುವುದು ಮಾತ್ರ ನಿಧಾನ. ಅವುಗಳ ಜೊತೆ ಇನ್ನೂ ಚಿಕ್ಕದಾದ, ಹಾವುಮೀನಿನ ತರಹ ಬಳುಕುವ ಜೀವಿಗಳೂ ಇದ್ದವು. ಮಲ ಗಟ್ಟಿಯಾಗಿದ್ದ ದಿನಗಳಲ್ಲಿ ನೋಡಿದರೆ ಆ ಚಪ್ಪಟೆ ಹೊಟ್ಟೆಯವು ಇರಲಿಲ್ಲ. ಹೊಟ್ಟೆ ಚೆನ್ನಾಗಿದ್ದಾಗ, ಕೆಟ್ಟಾಗ ಎರಡೂ ಸಲ ನೋಡಿ ಹೋಲಿಸಿದರಲ್ಲ, ಅದೇ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ.

ಆ ಚಪ್ಪಟೆ ಜೀವಿ ಜಿಯಾರ್ಡಿಯಾ ಎಂಬ ಪರೋಪಜೀವಿ ಅಂತ ಈಗಿನ ವಿಜ್ಞಾನಿಗಳು ಹೇಳುತ್ತಾರೆ. ಕೊಳಕು ನೀರಿನಿಂದ ಹೊಟ್ಟೆಗೆ ಬಂದು ಸಣ್ಣ ಕರುಳಿನ ಗೋಡೆಗೆ ಅಂಟಿಕೊಳ್ಳುತ್ತದೆ. ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಮಕ್ಕಳು ಬೆಳೆಯುವುದಿಲ್ಲ. ಹಾವುಮೀನಿನ ತರಹ ಇದ್ದವು ಬ್ಯಾಕ್ಟೀರಿಯಾ. ಅಂದರೆ ಪರೋಪಜೀವಿ, ಬ್ಯಾಕ್ಟೀರಿಯಾ ಎರಡನ್ನೂ ಒಂದೇ ಹನಿಯಲ್ಲಿ ಅವರು ನೋಡಿದ್ದರು.

ಬ್ಯಾಕ್ಟೀರಿಯಾ ಎಲ್ಲ ಕೆಟ್ಟದ್ದೇ ಅಂತ ತಿಳಿಯಬೇಡಿ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ಹೆಚ್ಚಿನವು ದೊಡ್ಡ ಕರುಳಿನಲ್ಲಿ. ಇವು ಆಹಾರದ ನಾರನ್ನು ಒಡೆಯುತ್ತವೆ, ಹೊರಗಿಂದ ಬಂದವಕ್ಕೆ ಜಾಗ ಕೊಡುವುದಿಲ್ಲ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಪ್ರಯೋಗ ಕೇಳಿ. ಕೆಲವು ಇಲಿಗಳಿಗೆ ಜಿಯಾರ್ಡಿಯಾ ಕೊಟ್ಟರೂ ಅಂಟುತ್ತಿರಲಿಲ್ಲ. ಅವಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಕೊಟ್ಟ ಮೇಲೆ ಅಂಟಿತು! ಕಾವಲುಗಾರರನ್ನು ಓಡಿಸಿದ ಮೇಲೆ ಕಳ್ಳ ಬಂದ ಹಾಗೆ.

ಆದರೆ ಚಾಟಿಹುಳದ ವಿಷಯ ಉಲ್ಟಾ. ನಮಗೆ ಶಾಲೆಯಲ್ಲಿ ಹುಳದ ಮಾತ್ರೆ ಕೊಡುತ್ತಾರಲ್ಲ, ಅದು ಜಂತುಹುಳ, ಕೊಕ್ಕೆಹುಳ, ಚಾಟಿಹುಳ ಇವುಗಳಿಗೆ. ಇಲಿಯ ಚಾಟಿಹುಳದ ಮೊಟ್ಟೆ ಕರುಳಿಗೆ ಹೋದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಬಂದು ಅಂಟಿಕೊಂಡರೇನೇ ಒಡೆದು ಮರಿ ಹೊರಗೆ ಬರುತ್ತದೆ ಅಂತ 2010ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವಿಜ್ಞಾನಿಗಳು ಕಂಡುಹಿಡಿದರು. ಇಲಿಯ ಕರುಳಲ್ಲಿ ಬ್ಯಾಕ್ಟೀರಿಯಾ ಕಡಿಮೆ ಮಾಡಿದಾಗ ಹುಳವೂ ಕಡಿಮೆಯಾಯಿತು. ಒಬ್ಬರಿಗೆ ಬಾಗಿಲು ಹಾಕುವ ಬ್ಯಾಕ್ಟೀರಿಯಾನೇ ಇನ್ನೊಬ್ಬರಿಗೆ ಬಾಗಿಲು ತೆಗೆಯುತ್ತದೆ, ಏನು ವಿಚಿತ್ರ ನೋಡಿ!

ಲೀವನ್‌ಹಾಕ್ ಅವರಿಗೆ ಇದೆಲ್ಲ ಗೊತ್ತಿರಲಿಲ್ಲ. ಅವರು 1683ರಲ್ಲಿ ಹಲ್ಲಿನ ಕೊಳೆಯಲ್ಲೂ ಬ್ಯಾಕ್ಟೀರಿಯಾ ಕಂಡರು, ಕಪ್ಪೆಯ ಕರುಳಲ್ಲೂ ಜೀವಿಗಳನ್ನು ಕಂಡರು. 1698ರಲ್ಲಿ ರಷ್ಯಾದ ದೊರೆ ಪೀಟರನು ಇವರ ಮಸೂರಗಳನ್ನು ನೋಡಿದನು. ಆದರೆ ಇವರಲ್ಲಿ ಒಂದು ಗುಣ ನನಗೆ ಹಿಡಿಸುವುದಿಲ್ಲ. ತಮ್ಮ ಅತ್ಯುತ್ತಮ ಮಸೂರಗಳನ್ನು ಯಾರಿಗೂ ಕೊಡುತ್ತಿರಲಿಲ್ಲ, ನೋಡುವ ವಿದ್ಯೆಯನ್ನೂ ಪೂರ್ತಿ ಹೇಳಿಕೊಡಲಿಲ್ಲ. ಶಿಷ್ಯರನ್ನು ಬೆಳೆಸಲಿಲ್ಲ. ನಾಲ್ಕು ಮಕ್ಕಳನ್ನು ಕಳೆದುಕೊಂಡವರು ಇದನ್ನು ವೈದ್ಯರಿಗೆ ಕಲಿಸಬಹುದಿತ್ತಲ್ಲ?

1723ನೇ ಇಸವಿ ಆಗಸ್ಟ್ 26ರಂದು, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಇಷ್ಟದಂತೆ ಮಗಳು ಮರಿಯಾ 26 ಬೆಳ್ಳಿಯ ಸೂಕ್ಷ್ಮದರ್ಶಕಗಳನ್ನು ಲಂಡನ್ನಿಗೆ ಕಳಿಸಿದಳು. ಆಮೇಲೆ ಅವೆಲ್ಲ ಅಲ್ಲೇ ಕಳೆದುಹೋದವು. ಆ ಚಪ್ಪಟೆ ಹೊಟ್ಟೆಯ ಜೀವಿಯನ್ನು ಎಲ್ಲರೂ ಮರೆತರು. 178 ವರ್ಷ ಆದ ಮೇಲೆ, 1859ರಲ್ಲಿ, ಪ್ರಾಗ್ ನಗರದ ಲಾಂಬ್ಲ್ ಎಂಬ ವೈದ್ಯರು ಬೇಧಿಯಾಗುತ್ತಿದ್ದ ಮಕ್ಕಳ ಮಲವನ್ನು ಪರೀಕ್ಷಿಸಿ ಅದನ್ನು ಮತ್ತೆ ಕಂಡರು, ಚಿತ್ರವನ್ನೂ ಬರೆದಿಟ್ಟರು.