ಇಮಾಮರ ಮಗಳ ದನಿ

ಗಲ್ಫ್‌ನಲ್ಲಿ ದುಡಿದು ಬಂದ ನಮ್ಮ ಹಿರಿಯರಲ್ಲಿ ಹಲವರಿಗೆ ಉಮ್ಮು ಕುಲ್ಸೂಮ್ ಹೆಸರು ಗೊತ್ತುಂಟು. ಮೊಬೈಲಿನಲ್ಲಿ ಏನೇನೋ ನೋಡುವ ನಾವು, ಈಜಿಪ್ಟಿನ ಈ ಗಾಯಕಿಯ ಬದುಕಿನ ಸಾಕ್ಷ್ಯಚಿತ್ರವನ್ನೂ ಒಮ್ಮೆ ಹುಡುಕಿ ನೋಡಬೇಕು. 1996ರಲ್ಲಿ ಮಿಷಲ್ ಗೋಲ್ಡ್‌ಮನ್ ಎಂಬ ನಿರ್ದೇಶಕಿ ಮಾಡಿದ್ದು. ಕಥೆ ಹೇಳುವ ದನಿ ನಟ ಉಮರ್ ಶರೀಫ್ ಅವರದು.

ನೈಲ್ ನದಿ ಕಡಲು ಸೇರುವ ಬಯಲಿನ ಒಂದು ಬಡ ಹಳ್ಳಿ. ತಂದೆ ಶೈಖ್ ಇಬ್ರಾಹೀಂ ಅಲ್ಲಿನ ಮಸೀದಿಯ ಇಮಾಮ್. ಸಂಬಳ ಸಾಲದೆ ಮದುವೆ ಮನೆಗಳಲ್ಲಿ ಭಕ್ತಿಗೀತೆ ಹಾಡುತ್ತಿದ್ದರು. ಮಗ ಖಾಲಿದ್‌ಗೆ ಕಲಿಸುತ್ತಿದ್ದುದನ್ನು ಮಗಳು ಕೇಳಿ ಕೇಳಿಯೇ ಕಲಿತಳು. ಹೆಣ್ಣು ಮಗು ಜನರ ಮುಂದೆ ಹಾಡುವುದೆಂದರೆ ತಂದೆಗೆ ಮುಜುಗರ. ಹಾಗಂತ ಆ ಕಂಠವನ್ನು ಸುಮ್ಮನಿರಿಸಲೂ ಮನಸ್ಸು ಬರಲಿಲ್ಲ. ಕೊನೆಗೆ ಹುಡುಗನ ಉಡುಪು ತೊಡಿಸಿ, ತಲೆಗೆ ವಸ್ತ್ರ ಸುತ್ತಿ ಕರೆದೊಯ್ದರು.

ಊರಿನ ಮದ್ರಸದಲ್ಲಿ ಆಕೆ ಕುರ್‌ಆನ್ ಓದಲು ಕಲಿತಳು. ಯಾವ ಅಕ್ಷರ ಗಂಟಲಿನಿಂದ, ಯಾವುದು ನಾಲಗೆಯ ತುದಿಯಿಂದ ಹೊರಡಬೇಕು ಎಂದು ನಾವು ಮಕ್ಕಳಿಗೆ ತಿದ್ದಿ ತಿದ್ದಿ ಕಲಿಸುತ್ತೇವಲ್ಲ, ಅದೇ ಪಾಠ. ಮುಂದೆ ಅವರ ಹಾಡಿನಲ್ಲಿ ಪ್ರತಿ ಪದವೂ ಸ್ಪಷ್ಟವಾಗಿ ಕೇಳುತ್ತಿದ್ದುದಕ್ಕೆ ಆ ಓದೇ ಬುನಾದಿ ಎಂದು ಬಲ್ಲವರು ಹೇಳುತ್ತಾರೆ.

1920ರ ದಶಕದಲ್ಲಿ ಕುಟುಂಬ ಕೈರೋಗೆ ಬಂತು. ಹಳ್ಳಿಯ ಹುಡುಗಿ ಎಂದು ಪಟ್ಟಣದವರು ಹಗುರವಾಗಿ ನೋಡಿದರು. ಆಕೆ ಜಗಳಕ್ಕೆ ಹೋಗಲಿಲ್ಲ, ಕಲಿಯಲು ಕೂತರು. ಕವಿ ಅಹ್ಮದ್ ರಾಮಿಯವರಿಂದ ಕಾವ್ಯ ಅರಿತರು, ದೊಡ್ಡ ಸಂಗೀತಗಾರರ ಬಳಿ ರಾಗ ಪಳಗಿಸಿಕೊಂಡರು. 1934ರಲ್ಲಿ ಈಜಿಪ್ಟಿನ ಸರಕಾರಿ ರೇಡಿಯೋ ಶುರುವಾದಾಗ ಮೊದಲಿಗೆ ಹಾಡಿದವರಲ್ಲಿ ಅವರೂ ಒಬ್ಬರು. ಮುಂದೆ ತಿಂಗಳ ಮೊದಲ ಗುರುವಾರ ರಾತ್ರಿ ಅರಬ್ ನಾಡುಗಳ ಮನೆ, ಚಹಾ ಅಂಗಡಿಗಳಲ್ಲಿ ಜನ ರೇಡಿಯೋ ಸುತ್ತ ಸೇರುವಂತಾಯಿತು. ಒಂದೊಂದು ಹಾಡು ಒಂದು ಗಂಟೆಗೂ ಮೀರುತ್ತಿತ್ತು. ಕೇಳುಗರು ಬಯಸಿದರೆ ಅದೇ ಸಾಲನ್ನು ಮತ್ತೆ ಮತ್ತೆ, ಪ್ರತಿ ಸಲ ಬೇರೆಯಾಗಿ ಹಾಡುತ್ತಿದ್ದರು.

1967ರ ಯುದ್ಧದಲ್ಲಿ ಈಜಿಪ್ಟ್ ಸೋತು ಕುಗ್ಗಿತ್ತು. ಆಗ ಅವರಿಗೆ ವಯಸ್ಸಾಗಿತ್ತು, ಆರೋಗ್ಯವೂ ಸರಿ ಇರಲಿಲ್ಲ. ಆದರೂ ಊರೂರು, ದೇಶ ದೇಶ ಸುತ್ತಿ ಹಾಡಿದರು. ಪ್ಯಾರಿಸ್‌ನ ಒಲಿಂಪಿಯಾ ಸಭಾಂಗಣಕ್ಕೂ ಹೋದರು. ಬಂದ ಹಣವನ್ನು ದೇಶಕ್ಕೆ ಕೊಟ್ಟರು.

1975ರ ಫೆಬ್ರವರಿ 3ರಂದು ಅವರು ತೀರಿಕೊಂಡರು. ಕೈರೋ ಬೀದಿಗಳಲ್ಲಿ ಲಕ್ಷಾಂತರ ಜನ. ನಿಗದಿಯಾಗಿದ್ದ ದಾರಿಯನ್ನು ಬಿಟ್ಟು ಜನರೇ ಮಯ್ಯತ್ತನ್ನು ಹೆಗಲಿಂದ ಹೆಗಲಿಗೆ ದಾಟಿಸುತ್ತಾ ಇಮಾಮ್ ಹುಸೈನ್ ಮಸೀದಿಗೆ ಒಯ್ದರು.

ಹಾಡಿನ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯ ಉಂಟು, ಇರಲಿ. ಆದರೆ ಬಾಗಿಲ ಮರೆಯಲ್ಲಿ ನಿಂತು ಅಣ್ಣನ ಪಾಠ ಕೇಳಿ ಕಲಿಯುವ ಹೆಣ್ಣು ಮಗು ನಮ್ಮ ಮನೆಯಲ್ಲೂ ಇರಬಹುದು. ಅವಳನ್ನೂ ಒಳಗೆ ಕರೆದು ಕೂರಿಸೋಣ.