ಪೀಠದ ಮೇಲಿನ ‘ಮ’: ರೂವಾರಿ ಮಲ್ಲಿತಮ್ಮನ ಹೆಸರಿಗಿದ್ದ ಬೆಲೆ

ಸೋಮನಾಥಪುರ: ಹೆಸರಾಂತ ಕುಶಲಕರ್ಮಿಯ ಕೈಯಿಂದ ಬಂದ ವಸ್ತುವಿಗೆ ಹೆಚ್ಚಿನ ಬೆಲೆ ತೆರಬೇಕೆ, ಅಥವಾ ಹೆಸರಿಲ್ಲದವನ ಒಳ್ಳೆಯ ಕೆಲಸವೇ ಸಾಕೆ ಎಂಬುದು ಇಂದಿನ ಪೇಟೆಯ ಪ್ರಶ್ನೆ ಮಾತ್ರವಲ್ಲ. 13ನೇ ಶತಮಾನದಲ್ಲಿ ದೇವಾಲಯ ಕಟ್ಟಿಸಲು ಹೊರಟ ಹೊಯ್ಸಳ ದಂಡನಾಯಕರಿಗೂ ಇದೇ ಪ್ರಶ್ನೆ ಎದುರಾಗಿರಬೇಕು. ಅವರು ಕಂಡುಕೊಂಡ ಉತ್ತರದಲ್ಲಿ ಒಂದು ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದು ರೂವಾರಿ ಮಲ್ಲಿತಮ್ಮನದು.

ಶಿಲ್ಪಿಗೆ ಹಳಗನ್ನಡದಲ್ಲಿ ರೂವಾರಿ ಎಂಬ ಹೆಸರಿತ್ತು. ಅರಸರ ಚರಿತ್ರೆಯಂತೆ ಹುಟ್ಟು, ಪಟ್ಟ, ದಿಗ್ವಿಜಯಗಳ ಕ್ರಮದಲ್ಲಿ ಈ ರೂವಾರಿಯ ಜೀವನವನ್ನು ಹೇಳಲಾಗದು. ಕಲ್ಲಿನ ಪೀಠಗಳ ಮೇಲೆ ಆತನೇ ಕೆತ್ತಿಕೊಂಡ ಅಂಕಿತಗಳೇ ಆತನ ಆತ್ಮಕಥೆ. ಆ ಅಕ್ಷರಗಳನ್ನು ಹಿಡಿದು ಊರಿಂದೂರಿಗೆ ನಡೆದರೆ ಒಬ್ಬ ವೃತ್ತಿನಿರತನ ದೀರ್ಘ ದುಡಿಮೆ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ.

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಮಂಟಪದ ಛಾವಣಿಗಳಲ್ಲಿ ಮಲ್ಲಿತಮ್ಮನ ವೃತ್ತಿಜೀವನ ಆರಂಭವಾಯಿತೆಂಬುದು ಪ್ರಚಲಿತ ಅಭಿಪ್ರಾಯ. ಬಳಿಕ 1234ರ ಹಾರನಹಳ್ಳಿ, 1238ರ ಗೋವಿಂದನಹಳ್ಳಿ, 1246ರ ನುಗ್ಗೇಹಳ್ಳಿ, ಕೊನೆಗೆ 1268ರ ಸೋಮನಾಥಪುರ. ಮೊದಲಿನಿಂದ ಕೊನೆಯವರೆಗೆ 72 ವರ್ಷಗಳ ಅಂತರ! ಬಾಲಕನಾಗಿ ಉಳಿ ಹಿಡಿದು ಮುಪ್ಪಿನವರೆಗೂ ಕೆಳಗಿಡದವನಿಗಷ್ಟೇ ಇದು ಸಾಧ್ಯ. ಅಮೃತಾಪುರವನ್ನು ಬದಿಗಿಟ್ಟರೂ ಉಳಿಯುವುದು 34 ವರ್ಷಗಳು. ಅಷ್ಟು ಕಾಲ ಬೇರೆ ಬೇರೆ ಒಡೆಯರು ಒಬ್ಬನನ್ನೇ ಕರೆಸಿಕೊಂಡರೆಂದರೆ ಆ ಹೆಸರಿಗೆ ಬೆಲೆಯಿತ್ತೆಂದೇ ಅರ್ಥ.

ಆ ಬೆಲೆ ಸರಿಯಾದುದೇ ಎಂದು ಒರೆಹಚ್ಚಲು ನುಗ್ಗೇಹಳ್ಳಿಗಿಂತ ಉತ್ತಮ ಜಾಗವಿಲ್ಲ. ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ದಕ್ಷಿಣದ ಭಿತ್ತಿ ನಂದಿಯ ಬೈಚೋಜನ ಪಾಲಿಗೆ, ಉತ್ತರದ ಭಿತ್ತಿ ಮಲ್ಲಿತಮ್ಮನ ಪಾಲಿಗೆ ಬಂದಿತು. ಒಂದೇ ಗುಡಿ, ಒಂದೇ ಬಗೆಯ ಕಲ್ಲು, ಒಬ್ಬನೇ ಯಜಮಾನ. ಕೈಗಳು ಮಾತ್ರ ಎರಡು. ಇಲ್ಲಿ ಬೈಚೋಜನ ವಿಗ್ರಹಗಳ ಗಾಂಭೀರ್ಯವನ್ನೇ ಮೇಲೆಂದು ಎಣಿಸುವ ಕಲಾವಿಮರ್ಶಕರಿದ್ದಾರೆ. ಹಾಗಿದ್ದೂ ಇಂದು ಜನರ ಬಾಯಲ್ಲಿ ಉಳಿದಿರುವುದು ಮಲ್ಲಿತಮ್ಮನ ಹೆಸರು. ಖ್ಯಾತಿಯ ತಕ್ಕಡಿ ಯಾವಾಗಲೂ ಕುಸುರಿಯನ್ನಷ್ಟೇ ತೂಗುವುದಿಲ್ಲ.

ನುಗ್ಗೇಹಳ್ಳಿಯ ಕೆಲಸವಾಗಿ ಎರಡು ದಶಕಗಳ ನಂತರ ಸೋಮನಾಥಪುರದ ಕೆಲಸ ಬಂದಿತು. ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ಕಾವೇರಿಯ ಎಡದಂಡೆಯ ಸೀಮೆಯಲ್ಲಿ ತನ್ನ ಹೆಸರಿನ ಅಗ್ರಹಾರವನ್ನು ಸ್ಥಾಪಿಸಿ, ಅದರಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದ. ಎತ್ತರದ ಜಗತಿ, ಅದರ ಮೇಲೆ ಕೇಶವ, ಜನಾರ್ದನ, ವೇಣುಗೋಪಾಲರಿಗೆ ಮೂರು ಗರ್ಭಗುಡಿ, ನಕ್ಷತ್ರಾಕಾರದ ವಿಮಾನಗಳು, ಸುತ್ತಲಿನ ಪ್ರಾಕಾರದಲ್ಲಿ 64 ಕಿರುಗುಡಿಗಳು. ಬಳಸಿದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆದುವಾಗಿದ್ದು, ಗಾಳಿಬಿಸಿಲಿಗೆ ಗಡುಸಾಗುವ ಗುಣ ಅದರದು. ಮಣಿಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಲು ಉಳಿಗೆ ಅವಕಾಶ ಕೊಟ್ಟದ್ದು ಈ ಕಲ್ಲೇ.

ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಲ್ಲಿ ಈ ದೇವಾಲಯದ ಬಗ್ಗೆಯೇ ಒಂದು ಪುಸ್ತಕವನ್ನು ಪ್ರಕಟಿಸಿದರು. ಹೊರಭಿತ್ತಿಯ ದೊಡ್ಡ ವಿಗ್ರಹಗಳು 194. ಅವುಗಳಲ್ಲಿ ಸುಮಾರು 40ರ ಪೀಠದಲ್ಲಿ ಮಲ್ಲಿತಮ್ಮನ ಅಂಕಿತವಿದೆ. ಕೆಲವೆಡೆ ಪೂರ್ಣ ಹೆಸರು, ಕೆಲವೆಡೆ ‘ಮಲ್ಲಿ’, ಕೆಲವೆಡೆ ಬರೀ ‘ಮ’. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದವರು ಊರು, ಬಿರುದುಗಳನ್ನೆಲ್ಲ ಕೊರೆದುಕೊಂಡರೆ, ಇಲ್ಲಿ ಒಂದೇ ಅಕ್ಷರಕ್ಕೆ ಮುಗಿಯಿತು. ನೋಡಿದವರಿಗೆ ಅಷ್ಟರಲ್ಲೇ ಗುರುತು ಸಿಗುತ್ತಿತ್ತೋ, ಕೂಲಿಯ ಲೆಕ್ಕಕ್ಕೆ ಅಷ್ಟು ಸಾಕಾಗಿತ್ತೋ! ಎರಡೂ ನಿಜವಾಗಿದ್ದರೆ ಅಚ್ಚರಿಯಿಲ್ಲ.

ಆದರೆ 194ರಲ್ಲಿ 40 ಎಂದರೆ ಐದನೆಯ ಒಂದು ಪಾಲು ಮಾತ್ರ. ಮಸಣಿತಮ್ಮ, ಬಾಲೆಯ, ಚೌಡೆಯ, ಬಾಮಯ, ನಂಜಯ, ಭರ್ಮಯ ಎಂಬ ಹೆಸರುಗಳೂ ಅದೇ ಗೋಡೆಯಲ್ಲಿವೆ. ಅಂಕಿತವೇ ಇಲ್ಲದ ವಿಗ್ರಹಗಳು ಇನ್ನೂ ಹಲವು. ಪೀಠವನ್ನು ಮರೆಮಾಡಿ ಮುಖ, ನಿಲುವು, ಒಡವೆಗಳನ್ನಷ್ಟೇ ನೋಡಿದರೆ ಯಾವುದು ಮಲ್ಲಿತಮ್ಮನದು, ಯಾವುದು ಅನಾಮಧೇಯನದು ಎಂದು ಸಾಮಾನ್ಯ ನೋಡುಗ ಬೇರ್ಪಡಿಸಲಾರ. ಹಾಗೆಂದು ಮಲ್ಲಿತಮ್ಮನ ಹೆಸರಿಗೆ ತೆತ್ತದ್ದು ವ್ಯರ್ಥವೆನ್ನಲಾಗದು. ಇಷ್ಟೊಂದು ಕೈಗಳು ಕೂಡಿದ ಗೋಡೆ ಎಲ್ಲಿಯೂ ತಾಳ ತಪ್ಪಿಲ್ಲ. ಪಳಗಿದ ಹಿರಿಯನೊಬ್ಬ ಪಕ್ಕದಲ್ಲಿ ನಿಂತಿದ್ದಾಗ ಕಿರಿಯರ ಉಳಿಯೂ ಎಚ್ಚರದಿಂದ ಕೆಲಸ ಮಾಡುತ್ತದೆ. ಸೋಮನಾಥ ದಂಡನಾಯಕನಿಗೆ ದಕ್ಕಿದ ನಿಜವಾದ ಲಾಭ ಆ 40 ವಿಗ್ರಹಗಳಿಗಿಂತಲೂ ಉಳಿದ 154ರಲ್ಲಿ ಇದ್ದಿರಬೇಕು.

ಪ್ರವೇಶದ್ವಾರದ ಬಳಿಯ ಶಾಸನ ದಂಡನಾಯಕನ ಕೀರ್ತಿಯನ್ನೂ ದಾನದತ್ತಿಗಳನ್ನೂ ಬಣ್ಣಿಸುತ್ತದೆ. ಮಲ್ಲಿತಮ್ಮನನ್ನು ಕಾಣಬೇಕಾದರೆ ಜಗತಿಯ ಮೇಲೆ ಪ್ರದಕ್ಷಿಣೆ ಬರಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡುಗಳೊಡನೆ ಈ ದೇವಾಲಯ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗರ್ಭಗುಡಿಯ ಮೂಲ ಕೇಶವ ವಿಗ್ರಹ ಮಾತ್ರ ಎಂದೋ ಕಾಣೆಯಾಗಿದ್ದು, ಈಗ ಅಲ್ಲಿರುವುದು ಬೇರೆಯದು. ಹೊರಗಿನ ಗೋಡೆಯಲ್ಲಿ ‘ಮಲ್ಲಿ’ ಇನ್ನೂ ಇದ್ದಾನೆ.